ಪಟಾಕಿ ಹಬ್ಬಕ್ಕೆ ಮೊದಲು ನಾಯಿ, ಬೆಕ್ಕು, ಹಸುಗಳಿಗೆ ಏನೇನು ಮಾಡುತ್ತೀರಿ?

ಕುವೆಂಪುನಗರದಿಂದ ಪ್ರಶ್ನೆ
ನಮ್ಮ ಮನೆಯಲ್ಲಿ ಮೂರು ವರ್ಷದ ನಾಟಿ ನಾಯಿ ಇದೆ. ಹೋದ ದೀಪಾವಳಿಗೆ ಸರಪಟಾಕಿ ಸದ್ದಿಗೆ ಬೆದರಿ ಗೇಟು ಹಾರಿ ಓಡಿತು. ಮಾರನೆಯ ದಿನ ಸಿಕ್ಕಿತು. ಈ ಸಲ ಮೊದಲೇ ತಯಾರಿ ಮಾಡಿಕೊಳ್ಳೋಣ ಅಂತಿದ್ದೇವೆ. ಮದ್ದೂರಿನ ಹತ್ತಿರ ಅತ್ತೆ ಮನೆಯಲ್ಲಿ ಎರಡು ಸೀಮೆಹಸುಗಳೂ ಇವೆ, ಅದರಲ್ಲಿ ಒಂದು ಗಬ್ಬ. ಅನುಭವ ಇರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂನಿಂದ
ಮೇಡಂ, ಹಬ್ಬಕ್ಕೆ ಇನ್ನೂ ಟೈಮ್ ಇರುವಾಗಲೇ ಕೇಳಿದ್ದು ಒಳ್ಳೆಯದಾಯಿತು. ಪಟಾಕಿ ರಾತ್ರಿ ಮಾಡುವ ಕೆಲಸಕ್ಕಿಂತ ಅದಕ್ಕೆ ಮೊದಲಿನ ವಾರಗಳಲ್ಲಿ ಮಾಡುವ ಕೆಲಸವೇ ಜಾಸ್ತಿ ಉಪಯೋಗಕ್ಕೆ ಬರುವುದು.

ನಮ್ಮ ಮೈಸೂರಿನವರಿಗೆ ಇದು ಹೊಸದೇನಲ್ಲ. ಜಂಬೂಸವಾರಿಯಲ್ಲಿ 21 ಕುಶಾಲತೋಪು ಹಾರಿಸುತ್ತಾರೆ. ಅದಕ್ಕೆ ಬಹಳ ಮೊದಲೇ ಆನೆ, ಕುದುರೆಗಳನ್ನು ಫಿರಂಗಿ ಸದ್ದಿಗೆ ಒಗ್ಗಿಸುವ ತಾಲೀಮು ನಡೆಯುತ್ತದೆ. ಹೊಸ ಆನೆಗಳು ಬೆದರುತ್ತವೆ, ಅನುಭವ ಇರುವ ಆನೆಗಳ ಜೊತೆ ನಿಂತು ನಿಧಾನಕ್ಕೆ ಸುಧಾರಿಸಿಕೊಳ್ಳುತ್ತವೆ. ಅಷ್ಟು ದೊಡ್ಡ ಪ್ರಾಣಿಗೇ ಅಭ್ಯಾಸ ಬೇಕು ಅಂದಮೇಲೆ ನಾಯಿಗೆ ಬೇಡವಾ?

ಆದರೆ ಮನೆಯ ನಾಯಿಗೆ ದೊಡ್ಡ ಸದ್ದಿನಿಂದ ಶುರು ಮಾಡಬೇಡಿ. ಪಟಾಕಿ ಸದ್ದಿನ ರೆಕಾರ್ಡಿಂಗ್ ಹುಡುಕಿ, ಕಿವಿಗೆ ಬಿದ್ದೂ ಬೀಳದಷ್ಟು ಸಣ್ಣದಾಗಿ ಹಾಕಿ. ಅದು ಕೇಳುತ್ತಿರುವಾಗಲೇ ನಾಯಿಗೆ ತುಂಬ ಇಷ್ಟವಾದ ತಿಂಡಿ ಕೊಡಿ. ನಾಯಿ ಆರಾಮಾಗಿದ್ದರೆ ಕೆಲವು ದಿನ ಬಿಟ್ಟು ಸ್ವಲ್ಪ ಏರಿಸಿ. ಕಿವಿ ಹಿಂದಕ್ಕೆ ಹೋಯಿತು, ಸುಮ್ನೆ ಆಕಳಿಸುತ್ತಿದೆ, ತುಟಿ ನೆಕ್ಕುತ್ತಿದೆ, ತಿಂಡಿ ಮುಟ್ಟುತ್ತಿಲ್ಲ ಅಂದರೆ ಹೆದರಿಕೆ ಶುರುವಾಗಿದೆ ಅಂತ ಅರ್ಥ. ತಕ್ಷಣ ಸದ್ದು ಇಳಿಸಿ. ಈಗಾಗಲೇ ವಿಪರೀತ ಹೆದರುವ ನಾಯಿಗೆ ಇದೊಂದೇ ಸಾಲುವುದಿಲ್ಲ, ಡಾಕ್ಟರನ್ನು ಕಾಣಲೇಬೇಕು.

ಹಬ್ಬದ ದಿನಗಳಲ್ಲಿ ನಾವು ಕತ್ತಲಾಗುವ ಮುಂಚೆಯೇ ವಾಕಿಂಗ್, ಊಟ ಎಲ್ಲ ಮುಗಿಸುತ್ತೇವೆ. ಬೆಲ್ಟ್ ಬಿಗಿಯಾಗಿದೆಯಾ ನೋಡಿಕೊಳ್ಳಿ. ಬೆದರಿದ ನಾಯಿ ಹಿಂದಕ್ಕೆ ಎಳೆದರೆ ತಲೆ ಸಲೀಸಾಗಿ ಆಚೆ ಬಂದುಬಿಡುತ್ತದೆ. ಬೆಲ್ಟಿನ ಮೇಲೆ ಫೋನ್ ನಂಬರ್ ಬರೆಸಿ. ಓಡಿಹೋದ ನಾಯಿ ವಾಪಸ್ ಸಿಗಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಮನೆಯ ನಡುವೆ ಇರುವ, ಕಿಟಕಿ ಕಡಿಮೆ ಇರುವ ಕೋಣೆಯಲ್ಲಿ ಅದರ ಹಾಸಿಗೆ, ನೀರು ಇಡಿ. ಪರದೆ ಎಳೆದು ಫ್ಯಾನ್, ಟಿವಿ ಹಾಕಿ. ನಮ್ಮ ಮನೆಯದು ಸ್ಟೋರ್ ರೂಮಿನಲ್ಲಿ ಅಕ್ಕಿ ಡಬ್ಬದ ಹಿಂದೆ ಸೇರಿಕೊಳ್ಳುತ್ತದೆ. ಅಲ್ಲೇ ಇರಲಿ ಅಂತ ಬಿಡುತ್ತೇವೆ, ಎಳೆದು ಹೊರಗೆ ತರುವುದಿಲ್ಲ.

ಸಮಾಧಾನ ಮಾಡಿದರೆ ಹೆದರಿಕೆ ಅಭ್ಯಾಸವಾಗಿಬಿಡುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. ಹತ್ತಿರ ಬಂದರೆ ಮೈ ಸವರಿ, ಪಕ್ಕದಲ್ಲಿ ಕೂತುಕೊಳ್ಳಿ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಸದ್ದು ಕೇಳುತ್ತದೆ, ನಾಯಿಗೆ 40,000ಕ್ಕೂ ಮೇಲೆ. ನಮಗೆ ಕೇಳಿಸದ್ದೂ ಅದಕ್ಕೆ ಕೇಳುತ್ತದೆ. ಹಟ ಅಂತ ಗದರಬೇಡಿ.

ಅಗ್ರಹಾರದಿಂದ
ಬೆಕ್ಕಿನ ಬಗ್ಗೆ ಎರಡು ಮಾತು. ಸಂಜೆಗೆ ಮುಂಚೆ ಒಳಗೆ ಕರೆದುಕೊಂಡು ಬಾಗಿಲು ಹಾಕಿ, ಮರಳಿನ ಟ್ರೇ ಒಳಗೇ ಇಡಿ. ಬೀದಿ ಬೆಕ್ಕುಗಳು ಕಾರಿನ ಬಾನೆಟ್ ಒಳಗೆ ಅಡಗಿ ಕೂರುತ್ತವೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಜೋರಾಗಿ ತಟ್ಟಿ.

ಮಂಡ್ಯ ಕಡೆಯ ಹಳ್ಳಿಯಿಂದ
ತಾಯಿ, ಹಸು ವಿಷಯ ನಾನು ಹೇಳುತ್ತೇನೆ, ನಿಮ್ಮ ಅತ್ತೆಯವರಿಗೆ ತಿಳಿಸಿ. ಹೆದರಿದ ಹಸು ಸೊರೆ ಬಿಡುವುದಿಲ್ಲ. ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಕುಂಠಿತವಾಗುತ್ತದೆ. ಹಾಲು ಒಳಗೇ ಉಳಿದರೆ ಕೆಚ್ಚಲು ಬಾವಿನ ಭಯ. ಅದಕ್ಕೆ ಸದ್ದು ಶುರುವಾಗುವ ಮೊದಲೇ ಸಂಜೆಯ ಹಾಲು ಕರೆದುಬಿಡಬೇಕು.

ಗಬ್ಬದ ಹಸುವನ್ನು ಬೀದಿ ಕಡೆ ಕಟ್ಟಬೇಡಿ, ಕೊಟ್ಟಿಗೆಯ ಒಳಮೂಲೆಗೆ ಕಟ್ಟಿ. ಒಂಟಿಯಾಗಿ ಬಿಡಬೇಡಿ, ಜೊತೆಯ ಹಸು ಪಕ್ಕದಲ್ಲೇ ಇರಲಿ. ಕತ್ತಿಗೆ ಜೀರುಗುಣಿಕೆ ಬೇಡವೇ ಬೇಡ. ಬೆದರಿ ಜಗ್ಗಿದರೆ ಬಿಗಿದುಕೊಳ್ಳುತ್ತದೆ. ನಾವು ತುದಿ ಹಿಡಿದು ಒಂದೇ ಸಲ ಎಳೆದರೆ ಬಿಚ್ಚುವ ಹಾಗೆ ಹಗ್ಗ ಕಟ್ಟಿ. ರಾಕೆಟ್ ಬಂದು ಹುಲ್ಲಿನ ಮೆದೆಗೆ ಬಿದ್ದರೆ ಮುಗಿಯಿತು. ಕೊಟ್ಟಿಗೆ ಪಕ್ಕ ಮೆದೆ ಇದ್ದರೆ ನೀರು ತುಂಬಿದ ಡ್ರಮ್ಮು, ಬಕೆಟ್ಟು ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಸುರುಸುರು ಬತ್ತಿಯ ತಂತಿ. ಮಕ್ಕಳು ಉರಿಸಿ ಎಲ್ಲೆಂದರಲ್ಲಿ ಎಸೆಯುತ್ತಾರೆ, ಅದು ಹುಲ್ಲಿಗೆ, ಕಸಕ್ಕೆ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ಹಸು ಅಗಿದು ನೋಡಿ ಉಗುಳುವ ಪ್ರಾಣಿಯಲ್ಲ, ನುಂಗಿಬಿಡುತ್ತದೆ. ತಂತಿ ಹೊಟ್ಟೆಯ ಮುಂಭಾಗದಲ್ಲಿ ನಿಂತು ಚುಚ್ಚುತ್ತದೆ, ಅಲ್ಲಿಂದ ಗುಂಡಿಗೆಯ ಪೊರೆಗೂ ನಾಟಬಹುದು. ಮೇವು ಬಿಡುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಹಾಲು ಇಳಿದುಹೋಗುತ್ತದೆ. ಹಬ್ಬದ ದಿನ ನುಂಗಿದ್ದಕ್ಕೆ ಕಾಯಿಲೆ ವಾರಗಳಾದ ಮೇಲೂ ಬರಬಹುದು, ಕಾರಣವೇ ಹೊಳೆಯುವುದಿಲ್ಲ. ನಮ್ಮ ಬೀದಿಯಲ್ಲಿ ಮಕ್ಕಳ ಕೈಗೆ ನೀರಿನ ಬಕೆಟ್ ಕೊಟ್ಟು, ಉರಿದ ಕಡ್ಡಿಯನ್ನೆಲ್ಲ ಅದರಲ್ಲೇ ಹಾಕಿಸುತ್ತೇವೆ. ಬಲಿಪಾಡ್ಯಮಿಗೆ ಗೋಪೂಜೆ ಮಾಡುವ ಮನೆಗಳು ಇಷ್ಟಾದರೂ ಮಾಡಲೇಬೇಕು. ಹಸುವಿಗೆ ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬ್ಯುಲೆನ್ಸಿನ ನಂಬರ್ ಅದು.

ಕುವೆಂಪುನಗರದಿಂದ
ತುಂಬಾ ಥ್ಯಾಂಕ್ಸ್ ಅಣ್ಣ, ತಂತಿಯ ವಿಷಯ ಈಗಲೇ ಅತ್ತೆಗೆ ಫೋನ್ ಮಾಡಿ ಹೇಳುತ್ತೇನೆ. ನಾಯಿಗೆ ನಿದ್ದೆ ಮಾತ್ರೆ ಕೊಡಿ ಅಂತ ಒಬ್ಬರು ಹೇಳಿದರು. ಕೊಡಬಹುದಾ?

ವಿಜಯನಗರದಿಂದ
ಮನುಷ್ಯರ ಮಾತ್ರೆ ಕೊಡಲೇಬೇಡಿ ಮೇಡಂ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ನಾಯಿಯ ಹೆದರಿಕೆ ಕಡಿಮೆ ಮಾಡುವ ಔಷಧಗಳು ಬೇರೆಯೇ ಇವೆ, ಪಶುವೈದ್ಯರು ತೂಕ, ವಯಸ್ಸು ನೋಡಿ ಬರೆದುಕೊಡುತ್ತಾರೆ. ಹಬ್ಬಕ್ಕೆ ಮುಂಚೆ ಸದ್ದಿಲ್ಲದ ಒಂದು ದಿನ ಕೊಟ್ಟು ಹೇಗಿರುತ್ತದೆ ಅಂತ ನೋಡಲು ಹೇಳುತ್ತಾರೆ. ಅಸಿಪ್ರೊಮಾಜಿನ್ ಅಂತ ಹಳೆಯ ಔಷಧ ಇದೆ. ಅದನ್ನೊಂದೇ ಕೊಟ್ಟರೆ ನಾಯಿ ಮಂಕಾಗಿ ಬಿದ್ದುಕೊಂಡಿರುತ್ತದೆ, ಹೆದರಿಕೆ ಹಾಗೇ ಉಳಿದಿರುತ್ತದೆ. ಮೊದಲು ಹೆದರದ ವಯಸ್ಸಾದ ನಾಯಿ ಈಗ ಹೆದರುತ್ತಿದ್ದರೆ ಕೀಲುನೋವು ಇದೆಯಾ ಅಂತಲೂ ಕೇಳಿ. ನೋವಿಗೂ ಸದ್ದಿನ ಭಯಕ್ಕೂ ನಂಟಿದೆ. ಹಾಗೇ ದ್ರಾಕ್ಷಿ ಹಾಕಿದ ಸಿಹಿ, ಚಾಕೊಲೇಟ್ ನಾಯಿಗೆ ಎಟುಕದ ಹಾಗೆ ಇಡಿ.

ಲಿಂಗಾಂಬುಧಿ ಕೆರೆ ಹತ್ತಿರದಿಂದ
ಬೀದಿ ನಾಯಿಗಳಿಗೆ ಆ ರಾತ್ರಿಗಳಲ್ಲಿ ನಮ್ಮ ಗೇಟು ತೆಗೆದಿಟ್ಟು, ಮೆಟ್ಟಿಲ ಕೆಳಗೆ ಗೋಣಿಚೀಲ, ನೀರು ಇಡುತ್ತೇವೆ. ಕೆರೆ ಏರಿಯ ಮೇಲೆ ಪಟಾಕಿ ಹೊಡೆಯಬೇಡಿ ಅಂತ ಬಡಾವಣೆಯ ಮಕ್ಕಳಿಗೆ ಮೊದಲೇ ಹೇಳುತ್ತೇವೆ. ರಾತ್ರಿ ಬೆದರಿ ಹಾರಿದ ಹಕ್ಕಿಗಳು ಕರೆಂಟ್ ತಂತಿಗೆ ಬಡಿಯುತ್ತವೆ.

ಪಕ್ಕದ ಮನೆಯವರಿಗೆ ಹೇಳಲು ಸಂಕೋಚ ಆದರೆ ಕಾನೂನಿನ ಮಾತನ್ನೇ ಹೇಳಿ. ಸುಪ್ರೀಂ ಕೋರ್ಟ್ 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಮಾಲಿನ್ಯ ಕಡಿಮೆ ಮಾಡುವ ಹಸಿರು ಪಟಾಕಿ ಅಂದಿದೆ. ಹಸಿರು ಪಟಾಕಿಗೂ ಸದ್ದು ಇರುತ್ತದೆ, ನೆನಪಿರಲಿ. ನಮ್ಮ ರಸ್ತೆಯಲ್ಲಿ ಹಬ್ಬದ ಹಿಂದಿನ ವಾರ ಮನೆ ಮನೆಗೆ ಹೋಗಿ, ಹೊಡೆಯುವುದಿದ್ದರೆ ಆ ಎರಡು ಗಂಟೆಯೊಳಗೆ ಮುಗಿಸಿ ಅಂತ ಕೇಳಿಕೊಂಡೆವು. ಬಹಳ ಜನ ಒಪ್ಪಿದರು. ನಾಯಿ ಬಾಲಕ್ಕೆ ಸರಪಟಾಕಿ ಕಟ್ಟುವವರನ್ನು ಮಾತ್ರ ಸುಮ್ನೆ ಬಿಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. 112ಕ್ಕೆ ಕರೆ ಮಾಡಿ, ಸಾಧ್ಯವಾದರೆ ವಿಡಿಯೋ ಇಟ್ಟುಕೊಳ್ಳಿ.