ಅಪ್‌ಡೇಟ್: ಬರ್ಗೆನ್‌ನಿಂದ ನೆರೋಯ್‌ಫ್ಯೋರ್ಡ್‌ಗೆ ಒಂದೇ ದಿನದಲ್ಲಿ

ನಾರ್ವೆಯ ಬರ್ಗೆನ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟು, ದೋಣಿಯಲ್ಲಿ ನೆರೋಯ್‌ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ಕವಲು) ನೋಡಿ, ಅದೇ ದಿನ ಮರಳಬಹುದೇ ಎಂದು ಇಲ್ಲಿ ಕೇಳಿದ್ದೆ. ಮರಳಬಹುದು, ಆದರೆ ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಇ16 ಹೆದ್ದಾರಿಯಲ್ಲಿ ಫ್ಯೋರ್ಡ್‌ನ ತುದಿಯ ಹಳ್ಳಿ ಗುಡ್ವಾಂಗೆನ್‌ಗೆ ಸುಮಾರು 150 ಕಿ.ಮೀ. ಮಾತ್ರವಿದ್ದರೂ, ಸಾಲುಸಾಲು ಸುರಂಗಗಳು ಮತ್ತು ವೇಗಮಿತಿಯಿಂದಾಗಿ ಎರಡೂವರೆ ಗಂಟೆ ಹಿಡಿಯಿತು. ವೋಸ್ ದಾಟಿದ ಮೇಲೆ ಟ್ವಿಂಡೆಫೊಸ್ಸೆನ್ ಜಲಪಾತದ ಬಳಿ ನಿಂತದ್ದು ಬೇರೆ.

ಕಾರನ್ನು ಗುಡ್ವಾಂಗೆನ್‌ನಲ್ಲೇ ಬಿಟ್ಟು ಫ್ಲೋಮ್‌ಗೆ ದೋಣಿ ಹತ್ತಿ, ಹಿಂದಿರುಗುವಾಗ 11 ಕಿ.ಮೀ.ಗೂ ಉದ್ದವಾದ ಸುರಂಗದ ಮೂಲಕ ಬರುವ ಶಟಲ್ ಬಸ್ ಹಿಡಿಯಿರಿ ಎಂದು ನೀವು ಕೊಟ್ಟ ಸಲಹೆ ನಿಜಕ್ಕೂ ಕೆಲಸಕ್ಕೆ ಬಂತು: ನೀರಿನ ಮೇಲೆ ಎರಡು ಗಂಟೆ, ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಫ್ಯೋರ್ಡ್ ಒಂದು ಕಡೆ ಬರೀ 250 ಮೀಟರ್‌ನಷ್ಟು ಕಿರಿದಾಗುತ್ತದೆ. ಅಲ್ಲಿ ಕತ್ತೆತ್ತಿದರೆ ಆಕಾಶವೇ ಒಂದು ಪಟ್ಟಿಯಂತೆ ಕಾಣುತ್ತದೆ. ನಮ್ಮದು ಬ್ಯಾಟರಿಯ ದೋಣಿಯಾದ್ದರಿಂದ ಬಂಡೆಯ ಮೇಲಿಂದ ಜಾರುವ ನೀರಿನ ಸದ್ದೂ ಸ್ಪಷ್ಟವಾಗಿ ಕೇಳಿಸಿತು. ಜುಲೈ ತಿಂಗಳಾದರೂ ಡೆಕ್ಕಿನ ಮೇಲೆ ಸ್ವೆಟರ್ ತೆಗೆಯಲಾಗಲಿಲ್ಲ.

ಔರ್‌ಲಾಂಡ್‌ನ ಮೇಲೆ, 650 ಮೀಟರ್ ಎತ್ತರದಲ್ಲಿರುವ ಸ್ಟೆಗಾಸ್ಟೈನ್ ವೀಕ್ಷಣಾ ಸ್ಥಳ ಮಾತ್ರ ಕೈತಪ್ಪಿತು. ಅದು ಫ್ಲೋಮ್ ಕಡೆಗಿದೆ, ನಮ್ಮ ಕಾರು ಈಚೆ ಗುಡ್ವಾಂಗೆನ್ ತುದಿಯಲ್ಲಿತ್ತಲ್ಲ.