ಸಹಾಯ ಬೇಕು: ಕಾರಟಗಿ ಹತ್ತಿರ ಎರೆ ಮಣ್ಣಿನಲ್ಲಿ ಹೂತಿರುವ ಪಿಕಪ್ ಗಾಡಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಾರಟಗಿ ಸಮೀಪ, ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರ ಪಕ್ಕದ ಹೊಲದ ದಾರಿಯಲ್ಲಿ, 75 ಕೆ.ಜಿ. ತೂಕದ 20 ಚೀಲ ಭತ್ತ ಹೇರಿದ್ದ ನಮ್ಮ ಪಿಕಪ್ ಗಾಡಿ ನಿನ್ನೆ ಸಂಜೆಯ ಅಕಾಲಿಕ ಮಳೆಗೆ ಸಿಕ್ಕಿ ಹೂತುಹೋಗಿದೆ. ನೀರು ಕುಡಿದು ಉಬ್ಬಿದ ಎರೆ ಮಣ್ಣು ಎಷ್ಟು ಜಿಗುಟು ಎಂಬುದು ಈ ಭಾಗದ ರೈತರಿಗೆ ಗೊತ್ತೇ ಇದೆ. ಟೈರಿನ ಗೆರೆಗಳೆಲ್ಲ ಮಣ್ಣು ಮೆತ್ತಿ ಮುಚ್ಚಿಹೋಗಿವೆ, ಹಿಂದಿನ ಬಲಗಾಲಿ ನಿಂತಲ್ಲೇ ತಿರುಗಿ ಗುಂಡಿ ತೋಡಿಕೊಂಡಿದೆ, ಆಕ್ಸಲ್ ನೆಲಕ್ಕೇ ತಾಗಿ ಕೂತಿದೆ. ಹುಲ್ಲು ಹಾಕಿ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಇನ್ನಷ್ಟು ಇಳಿದಿದ್ದರಿಂದ ಎಂಜಿನ್ ಬಂದ್ ಮಾಡಿದ್ದೇವೆ. ಜಾಕ್ ಕೊಟ್ಟರೆ ಜಾಕೇ ಕೆಸರಿಗೆ ಇಳಿಯುತ್ತಿದೆ.

ಚೀಲಗಳನ್ನು ಇಳಿಸಿ ತಾಡಪತ್ರಿ ಹೊದಿಸಿದ್ದೇವೆ. ಆದರೂ ತಳದ ಮೂರು ಚೀಲಗಳಿಗೆ ತೇವ ತಾಗಿದ್ದು, ಇನ್ನೊಂದು ಮಳೆ ಬಿದ್ದರೆ ಕಾಳು ಮೊಳಕೆಯೊಡೆಯುತ್ತದೆ ಎಂಬ ಆತಂಕ ನಮ್ಮನ್ನು ಕಾಡುತ್ತಿದೆ.

ಹತ್ತಿರದ ಯಾರ ಬಳಿಯಾದರೂ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್, ಅದು ಗಟ್ಟಿ ನೆಲದ ಮೇಲೆಯೇ ನಿಂತು ಎಳೆಯುವಷ್ಟು ಉದ್ದದ, ಸುಮಾರು 40 ಅಡಿಯ ವೈರ್ ರೋಪ್, ಹಾಗೂ ಜಾಕಿನ ಮತ್ತು ಗಾಲಿಯ ಕೆಳಗೆ ಕೊಡಲು ನಾಲ್ಕು ದಪ್ಪ ಹಲಗೆಗಳು ಇದ್ದರೆ ದಯವಿಟ್ಟು ತಿಳಿಸಿ. ಡೀಸೆಲ್ ಖರ್ಚು ಮತ್ತು ಬಾಡಿಗೆ ಎರಡನ್ನೂ ಕೊಡುತ್ತೇವೆ. ಬಂದ ದಾರಿಯ ಕಡೆಗೇ ಹಿಂದಕ್ಕೆ ಎಳೆಯುವುದು ಸುರಕ್ಷಿತವೆಂದು ನನ್ನ ಅನಿಸಿಕೆ. ಹಗ್ಗವನ್ನು ಬಂಪರಿಗಲ್ಲದೆ ಚಾಸಿಗೇ ಕಟ್ಟುತ್ತೇವೆ. ಇಂಥ ಗಾಡಿ ಎಬ್ಬಿಸಿದ ಅನುಭವವಿರುವ ಅಣ್ಣಂದಿರು ಬೇರೆ ಉಪಾಯವಿದ್ದರೆ ಇಂದು ಮಧ್ಯಾಹ್ನದೊಳಗೆ ಹೇಳಬೇಕೆಂದು ಕೋರುತ್ತೇನೆ.