ಅಪ್‌ಡೇಟ್: ಉಸಿರಿನ ಗ್ಯಾಸ್ ಅಳೆಯುವ ಯಂತ್ರ ಇಲ್ಲದೆ ಥ್ರೆಶೋಲ್ಡ್ ಗೊತ್ತುಮಾಡಿದ್ದು

ತೂಕ ಜಾಸ್ತಿ ಇರೋ ಹೆಂಗಸರಿಗೆ ಏರೋಬಿಕ್ ಸಾಮರ್ಥ್ಯ (ದುಡಿಯುವಾಗ ದೇಹ ಆಮ್ಲಜನಕ ಬಳಸೋ ಶಕ್ತಿ) ಈ ಯಂತ್ರ ಇಲ್ಲದೆ ಅಳೆಯೋದು ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಫಲಿತಾಂಶ ಇಲ್ಲಿದೆ.

ಗೆದ್ದಿದ್ದು ಮಾತಿನ ಪರೀಕ್ಷೆ. ಸೂಚಿಸಿದವರಿಗೆ ಥ್ಯಾಂಕ್ಸ್. ಟ್ರೆಡ್‌ಮಿಲ್‌ನಲ್ಲಿ 2 ನಿಮಿಷಕ್ಕೊಮ್ಮೆ ಏರು 1% ಹೆಚ್ಚಿಸಿ, ಪ್ರತಿ ಹಂತದ ಕೊನೆಗೆ ಏಳರ ಮಗ್ಗಿ ಜೋರಾಗಿ ಹೇಳಿಸೋದು. ಆರಾಮಾಗಿ ಹೇಳಲು ಆದ ಕೊನೇ ಹಂತದ ನಾಡಿಬಡಿತವೇ ಸುಮಾರಾಗಿ ಮೊದಲ ಥ್ರೆಶೋಲ್ಡ್, ಅಂದ್ರೆ ಶ್ರಮ ಹೆಚ್ಚಿ ಉಸಿರು ಜೋರಾಗಲು ಶುರುವಾಗೋ ಮಟ್ಟ. ಕಂಬಿ ಹಿಡಿಯಲು ಬಿಡಬೇಡಿ, ಶ್ರಮ ಕಡಿಮೆಯಾಗಿ ಲೆಕ್ಕ ಕೆಡುತ್ತೆ. ಬೀಟಾ ಬ್ಲಾಕರ್ ಮಾತ್ರೆ (ಹೃದಯ ಬಡಿತ ತಗ್ಗಿಸೋ ಔಷಧಿ) ತಗೊಳ್ಳೋರ ಬಡಿತದ ಅಂಕಿಯನ್ನ ಬೇರೆಯವರ ಜೊತೆ ಹೋಲಿಸಬೇಡಿ, ಮಾತನ್ನೇ ನಂಬಿ.

41 ಸೆಂ.ಮೀ. ಎತ್ತರದ ಮೆಟ್ಟಿಲು ಹತ್ತಿ ಇಳಿಯೋ ಪರೀಕ್ಷೆ ಬೇಡವೇ ಬೇಡ. ಎದೆ ದಣಿಯೋ ಮೊದಲೇ ಮಂಡಿ ಸೋಲುತ್ತೆ. ಗರಿಷ್ಠ ನಾಡಿಬಡಿತಕ್ಕೆ 220ರಿಂದ ವಯಸ್ಸು ಕಳೆಯೋ ಸೂತ್ರವೂ ಅಷ್ಟೇ, 10-12 ಬಡಿತ ಆಚೀಚೆ ಆಗೋದು ಮಾಮೂಲು.

ರಾಕ್‌ಪೋರ್ಟ್ ನಡಿಗೆ ಪರೀಕ್ಷೆ (ಒಂದು ಮೈಲಿ ಬಿರುಸಾಗಿ ನಡೆದು, ಹಿಡಿದ ಸಮಯ, ನಾಡಿಬಡಿತ, ತೂಕ, ವಯಸ್ಸಿನಿಂದ ಗರಿಷ್ಠ ಆಮ್ಲಜನಕ ಬಳಕೆ ಅಂದಾಜು ಮಾಡೋದು) ಪರವಾಗಿಲ್ಲ, ಆದ್ರೆ ಸಮತಟ್ಟು ಜಾಗ ಬೇಕು. ತೀರ್ಥಹಳ್ಳಿ ಕಡೆಯ ಏರಿಳಿತದ ರಸ್ತೆಯಲ್ಲಿ ಅರ್ಥವಿಲ್ಲ. 400 ಮೀಟರ್ ಟ್ರ್ಯಾಕ್‌ನ ಒಳಲೇನಲ್ಲಿ 4 ಸುತ್ತು, ಮೇಲೆ 9 ಮೀಟರ್. ಸೂತ್ರಕ್ಕೆ ತೂಕ ಪೌಂಡ್‌ನಲ್ಲಿ ಹಾಕಬೇಕು. 80 ಕೆ.ಜಿ.ಯನ್ನ ಹಾಗೇ ಹಾಕಿದ್ರೆ ಉತ್ತರ (ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಆಮ್ಲಜನಕ ಅನ್ನೋದು) 7ಕ್ಕಿಂತ ಹೆಚ್ಚು ಉಬ್ಬುತ್ತೆ!

ಅಚ್ಚರಿ ಅನ್ನಿಸಿದ್ದು: ಆಮ್ಲಜನಕ ಬಳಕೆಯನ್ನ ದೇಹದ ತೂಕದಿಂದ (ಕೆ.ಜಿ.) ಭಾಗಿಸಿದಾಗ ಈ ಹೆಂಗಸರ ಅಂಕಿ ತೀರಾ ಕೆಳಗೆ ಕಾಣುತ್ತೆ. ಅದೇ ನಿಮಿಷಕ್ಕೆ ಎಷ್ಟು ಲೀಟರ್ ಅಂತ ನೋಡಿದ್ರೆ ಎಷ್ಟೋ ಜನರ ಹೃದಯ-ಶ್ವಾಸಕೋಶ ಚೆನ್ನಾಗೇ ದುಡೀತಿರುತ್ತೆ. ಎರಡೂ ಅಂಕಿ ಬರೆದಿಡಿ. ತೂಕ ಇಳಿದಾಗ ಯಾವುದು ಬದಲಾಯ್ತು ಅಂತ ಆಗಲೇ ತಿಳಿಯೋದು.